ಶ್ರವಣ, ವಾಕ್ ದೋಷವುಳ್ಳವರಿಗೆ ಡಯಾಲಿಸಿಸ್: ಸೂಜಿಗೆ ಮುನ್ನವೇ ಮಾತು ಮುಗಿಯಲಿ

ಮೂತ್ರಪಿಂಡಗಳು ಸಂಪೂರ್ಣ ವಿಫಲವಾದ ರೋಗಿಯು ವಾರಕ್ಕೆ ಎರಡು ಅಥವಾ ಮೂರು ಬಾರಿ, ಪ್ರತಿ ಬಾರಿಯೂ ಸುಮಾರು 4 ಗಂಟೆ ಕಾಲ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಕಳೆಯಬೇಕಾಗುತ್ತದೆ. ಆ ಅವಧಿಯಲ್ಲಿ ರಕ್ತದೊತ್ತಡವನ್ನು ಯಂತ್ರ ಅಳೆಯುತ್ತದೆ, ರಕ್ತದ ಹರಿವನ್ನು ಯಂತ್ರ ನಿಯಂತ್ರಿಸುತ್ತದೆ, ಗಾಳಿಯ ಗುಳ್ಳೆಯನ್ನೂ ಯಂತ್ರವೇ ಪತ್ತೆ ಹಚ್ಚುತ್ತದೆ. ಆದರೆ ತಲೆ ಸುತ್ತುತ್ತಿದೆ, ಎದೆ ಹಿಡಿದಂತಾಗುತ್ತಿದೆ, ಮೀನಖಂಡ ಸೆಳೆಯುತ್ತಿದೆ ಎಂಬುದನ್ನು ಹೇಳಬೇಕಾದವನು ರೋಗಿಯೇ. ದಾದಿ ಹತ್ತಿರ ಬಂದು 'ಹೇಗಿದ್ದೀರಿ?' ಎಂದು ಕೇಳುವ ಒಂದು ಪ್ರಶ್ನೆ ಎಷ್ಟೋ ಅಪಾಯಗಳನ್ನು ಯಂತ್ರಕ್ಕಿಂತ ಮೊದಲೇ ಹಿಡಿದುಬಿಡುತ್ತದೆ.

ರೋಗಿಗೆ ಆ ಪ್ರಶ್ನೆ ಕೇಳಿಸದಿದ್ದರೆ? ಕೇಳಿಸಿಯೂ ಉತ್ತರಿಸಲು ಬಾಯಿ ಬಾರದಿದ್ದರೆ?

ರಾಜ್ಯದ ತಾಲ್ಲೂಕು ಆಸ್ಪತ್ರೆಗಳವರೆಗೆ ಡಯಾಲಿಸಿಸ್ ಸೌಲಭ್ಯ ತಲುಪಿರುವ ಈ ದಿನಗಳಲ್ಲಿ ಇದು ಅಪರೂಪದ ಪ್ರಶ್ನೆಯಾಗಿ ಉಳಿದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರ ಸಂಖ್ಯೆ ಸುಮಾರು 50 ಲಕ್ಷ, ವಾಕ್ ದೋಷವುಳ್ಳವರು ಸುಮಾರು 20 ಲಕ್ಷ. ಕರ್ನಾಟಕವೊಂದರಲ್ಲೇ ಎರಡು ಲಕ್ಷಕ್ಕೂ ಹೆಚ್ಚು ಜನ ಶ್ರವಣದೋಷದ ಪಟ್ಟಿಯಲ್ಲಿದ್ದರು. ಮಧುಮೇಹ ಮತ್ತು ರಕ್ತದೊತ್ತಡಗಳು ಇವರನ್ನು ಬಿಟ್ಟು ಬೇರೆಯವರನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ.

ಕಿವಿಗೂ ಮೂತ್ರಪಿಂಡಕ್ಕೂ ನಂಟು:

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. ಕಿವಿ ಮತ್ತು ಮೂತ್ರಪಿಂಡ ನೋಡಲು ಸಂಬಂಧವಿಲ್ಲದ ಅಂಗಗಳಾದರೂ ಒಳಗಿನ ರಚನೆಯಲ್ಲಿ ಸೋದರರಂತಿವೆ. ಒಳಗಿವಿಯ ಶಂಖದಲ್ಲೂ ಮೂತ್ರಪಿಂಡದ ಸೋಸುಗದಲ್ಲೂ ಒಂದೇ ಬಗೆಯ ಕೊಲಾಜನ್ ತಂತುಗಳಿಂದಾದ ತೆಳುಪೊರೆಗಳಿವೆ. ಎರಡೂ ಕಡೆ ದ್ರವ ಮತ್ತು ಲವಣಗಳ ಸೂಕ್ಷ್ಮ ಸಾಗಾಟ ನಡೆಯುತ್ತದೆ. ಆ ಕೊಲಾಜನ್ ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ ಎರಡೂ ಅಂಗಗಳು ಕ್ರಮೇಣ ಸೋಲುತ್ತವೆ. ವೈದ್ಯ ಸೆಸಿಲ್ ಆಲ್ಪೋರ್ಟ್ 1927ರಲ್ಲಿ ವಿವರಿಸಿದ, ಅವರ ಹೆಸರಿನಲ್ಲೇ ಕರೆಯಲಾಗುವ ಆನುವಂಶಿಕ ಕಾಯಿಲೆ ಇದಕ್ಕೆ ಉದಾಹರಣೆ. ಹೆಚ್ಚಾಗಿ ಗಂಡುಮಕ್ಕಳಲ್ಲಿ ತೀವ್ರವಾಗಿ ಕಾಣಿಸುವ ಈ ಕಾಯಿಲೆಯಲ್ಲಿ ಬಾಲ್ಯದ ಕೊನೆಯ ಹೊತ್ತಿಗೆ ಕಿವಿ ಮಂದವಾಗತೊಡಗುತ್ತದೆ, ಯೌವನದಲ್ಲಿ ಮೂತ್ರಪಿಂಡ ಕೈಬಿಡುತ್ತದೆ.

ಔಷಧಗಳ ಪಾತ್ರವೂ ಕಡಿಮೆಯದಲ್ಲ. ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಪ್ರತಿಜೀವಕಗಳು ಮೂತ್ರಪಿಂಡಕ್ಕೂ ಒಳಗಿವಿಗೂ ಹಾನಿ ಮಾಡಬಲ್ಲವು. ಮೂತ್ರಪಿಂಡ ಕೆಲಸ ಮಾಡದವರಲ್ಲಿ ಇವು ದೇಹದಿಂದ ಬೇಗ ಹೊರಹೋಗದೆ ಉಳಿಯುವುದರಿಂದ ಕಿವಿಗೆ ಅಪಾಯ ಹೆಚ್ಚು. ಹೆಚ್ಚಿನ ಪ್ರಮಾಣದಲ್ಲಿ ಕೊಡುವ ಫ್ಯೂರೋಸಮೈಡ್ ಕೂಡ ಇದೇ ಸಾಲಿಗೆ ಸೇರಿದ್ದು. ಹೀಗಾಗಿ ಡಯಾಲಿಸಿಸ್ ಆರಂಭಿಸುವಾಗ ಚೆನ್ನಾಗಿ ಕೇಳಿಸುತ್ತಿದ್ದ ರೋಗಿಗೆ ಕೆಲವು ವರ್ಷಗಳ ನಂತರ ಅರ್ಧ ಮಾತಷ್ಟೇ ಕೇಳಿಸುವುದುಂಟು. ಆತ ಅದನ್ನು ಹೇಳಿಕೊಳ್ಳುವುದಿಲ್ಲ, ಎಲ್ಲಕ್ಕೂ ತಲೆಯಾಡಿಸುತ್ತಾನೆ. ಸಿಬ್ಬಂದಿ ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ.

ಸೂರಗೊಂಡನಕೊಪ್ಪದ ದಾರಿ:

ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಬಂಜಾರ ಸಮುದಾಯದ ಆರಾಧ್ಯ ಪುರುಷ ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧವಾದ ಊರು. ಹಿಂದೆ ಹೊನ್ನಾಳಿ ತಾಲ್ಲೂಕಿನಲ್ಲಿದ್ದು, 2018ರಲ್ಲಿ ನ್ಯಾಮತಿ ಪ್ರತ್ಯೇಕ ತಾಲ್ಲೂಕಾದಾಗ ಅದಕ್ಕೆ ಸೇರಿತು. ಜಿಲ್ಲಾ ಕೇಂದ್ರ ದಾವಣಗೆರೆಯಾದರೂ ಈ ಭಾಗದವರಿಗೆ ಶಿವಮೊಗ್ಗವೇ ಹತ್ತಿರ. ದೊಡ್ಡ ಕಾಯಿಲೆ ಎಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯೋ ಎಂದು ಯೋಚಿಸುವ ಊರುಗಳಿವು. ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳ ತಾಂಡಾಗಳ ಸ್ಥಿತಿಯೂ ಹೆಚ್ಚು ಕಡಿಮೆ ಇಂತಹದೇ: ಬಸ್ಸು ಬರುವ ಹೊತ್ತಿಗೆ ಹೊರಟು, ಬಸ್ಸು ಸಿಗುವ ಹೊತ್ತಿಗೆ ಮರಳಬೇಕು.

ಇಂತಹ ತಾಂಡಾದಿಂದ ಕಿವಿ ಕೇಳದ ಒಬ್ಬ ವ್ಯಕ್ತಿ ಡಯಾಲಿಸಿಸ್‌ಗೆ ಬಂದರೆ ಭಾಷೆಯ ಗಂಟು ಎರಡು ಸುತ್ತಿನದು. ಮನೆಮಾತು ಲಂಬಾಣಿ, ಆಸ್ಪತ್ರೆಯ ಮಾತು ಕನ್ನಡ. ವಯಸ್ಸಾದ ಮೇಲೆ ಕಿವಿ ಕಳೆದುಕೊಂಡವರು ತುಟಿ ಚಲನೆ ನೋಡಿ ಒಂದಿಷ್ಟು ಅರ್ಥ ಮಾಡಿಕೊಳ್ಳುತ್ತಾರೆ ನಿಜ. ಆದರೆ ತುಟಿ ಓದುವುದು ತಾವು ಬಲ್ಲ ಭಾಷೆಯಲ್ಲಿ ಮಾತ್ರ ಸಾಧ್ಯ. 'ಪಾಣಿ' ಎನ್ನುವಾಗ ತುಟಿಗಳು ಕೂಡಿ ಬಿಡುತ್ತವೆ, 'ನೀರು' ಎನ್ನುವಾಗ ಕೂಡುವುದೇ ಇಲ್ಲ. ಹುಟ್ಟು ಕಿವುಡರಾಗಿದ್ದು ಶಾಲೆಯ ಮೆಟ್ಟಿಲು ಹತ್ತದವರ ಬಳಿ ಲಂಬಾಣಿಯೂ ಇಲ್ಲ, ಕನ್ನಡವೂ ಇಲ್ಲ, ನಗರದ ಕಿವುಡರು ಬಳಸುವ ಭಾರತೀಯ ಸನ್ನೆ ಭಾಷೆಯೂ ಇಲ್ಲ. ತಾಯಿ, ಅಣ್ಣ, ನೆರೆಹೊರೆಯವರೊಂದಿಗೆ ಬೆಳೆಯುತ್ತಾ ರೂಢಿಯಾದ ಮನೆಸನ್ನೆಗಳಷ್ಟೇ ಅವರ ನುಡಿ. ಅದನ್ನು ಬಲ್ಲವರು ಜಗತ್ತಿನಲ್ಲಿ ನಾಲ್ಕೈದು ಜನ ಇರಬಹುದು. ಅವರಲ್ಲಿ ಒಬ್ಬರು ಆಸ್ಪತ್ರೆಗೆ ಜೊತೆಯಲ್ಲಿ ಬಂದಿರುತ್ತಾರೆ, ಕೂಲಿಯ ದಿನ ಕಳೆದುಕೊಂಡು.

ಕನ್ನಡ ಬಲ್ಲವರಿಗೂ ತುಟಿ ಓದುವುದು ನಂಬಲರ್ಹ ದಾರಿಯಲ್ಲ. ಪ, ಬ, ಮ ಅಕ್ಷರಗಳು ತುಟಿಯ ಮೇಲೆ ಒಂದೇ ರೀತಿ ಕಾಣುತ್ತವೆ. 'ಮಾತ್ರೆ' ಮತ್ತು 'ಪಾತ್ರೆ' ಎಂಬ ಪದಗಳನ್ನು ಕನ್ನಡಿಯ ಮುಂದೆ ಸದ್ದಿಲ್ಲದೆ ಹೇಳಿ ನೋಡಿದರೆ ಓದುಗರಿಗೆ ಇದು ತಿಳಿಯುತ್ತದೆ. 'ಬೇಕಾ', 'ಬೇಡವಾ' ಎಂಬುದರ ಮೊದಲರ್ಧವೂ ಹಾಗೆಯೇ: ಕಕಾರ, ಡಕಾರಗಳ ವ್ಯತ್ಯಾಸ ಬಾಯಿಯ ಒಳಗೆ ನಡೆದುಹೋಗುತ್ತದೆ. ಇನ್ನು ದಾದಿ ಮುಖಗವಸು ಧರಿಸಿದ್ದರೆ ಇದ್ದ ಅರ್ಧವೂ ಹೋಯಿತು. ಕುತ್ತಿಗೆಯ ರಕ್ತನಾಳದಲ್ಲಿ ತಾತ್ಕಾಲಿಕ ನಳಿಕೆ ಇರುವವರಿಗೆ ಯಂತ್ರ ಜೋಡಿಸುವಾಗಲೂ ಬಿಚ್ಚುವಾಗಲೂ ಸೋಂಕು ತಡೆಯಲು ದಾದಿ, ರೋಗಿ ಇಬ್ಬರೂ ಮುಖಗವಸು ಧರಿಸಲೇಬೇಕು. ಅತ್ಯಂತ ಎಚ್ಚರದ ಆ ಹತ್ತು ನಿಮಿಷಗಳಲ್ಲೇ ತುಟಿಗಳು ಮರೆಯಾಗಿರುತ್ತವೆ.

ಕೈ ಕಟ್ಟಿದರೆ ಮಾತು ಕಟ್ಟಿದಂತೆ:

ಸನ್ನೆಯನ್ನೇ ಭಾಷೆಯಾಗಿ ಉಳ್ಳವರ ಡಯಾಲಿಸಿಸ್‌ನಲ್ಲಿ ಹೆಚ್ಚಿನವರು ಗಮನಿಸದ ಸಂಗತಿ ಒಂದಿದೆ. ದೀರ್ಘಕಾಲದ ಡಯಾಲಿಸಿಸ್‌ಗೆ ತೋಳಿನಲ್ಲಿ ಒಂದು ಅಪಧಮನಿ ಮತ್ತು ಅಭಿಧಮನಿಯನ್ನು ಶಸ್ತ್ರಚಿಕಿತ್ಸೆಯ ಮೂಲಕ ಬೆಸೆದು 'ಫಿಸ್ಟುಲಾ' ಮಾಡಲಾಗುತ್ತದೆ. ಮಣಿಕಟ್ಟಿನ ಬಳಿ ಮಾಡುವ ಈ ವಿಧಾನ 1966ರಲ್ಲಿ ಅಮೆರಿಕದ ವೈದ್ಯರಿಂದ ಪ್ರಕಟವಾಯಿತು. ಇಂದಿಗೂ ಅದೇ ಮೊದಲ ಆಯ್ಕೆ. ಚಿಕಿತ್ಸೆಯ ವೇಳೆ ಆ ತೋಳಿಗೆ ಎರಡು ದಪ್ಪ ಸೂಜಿಗಳನ್ನು ಚುಚ್ಚಲಾಗುತ್ತದೆ. ನಾಲ್ಕು ಗಂಟೆ ಆ ಕೈ ಅಲುಗಾಡುವಂತಿಲ್ಲ. ಫಿಸ್ಟುಲಾ ಇರುವ ಕೈಯಲ್ಲಿ ರಕ್ತದೊತ್ತಡ ಅಳೆಯುವಂತಿಲ್ಲವಾದ್ದರಿಂದ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿರುತ್ತದೆ. ಅದು ಆಗಾಗ ಬಿಗಿಯುತ್ತದೆ, ಸಡಿಲಗೊಳ್ಳುತ್ತದೆ.

ಅಂದರೆ ಕೈಗಳಿಂದ ಮಾತನಾಡುವ ವ್ಯಕ್ತಿಯ ಒಂದು ಕೈ ಪೂರ್ತಿ, ಮತ್ತೊಂದು ಅರ್ಧ ಕಟ್ಟಿಹೋಗಿರುತ್ತದೆ. ಭಾರತೀಯ ಸನ್ನೆ ಭಾಷೆಯಲ್ಲಿ ಅಕ್ಷರಗಳನ್ನು ತೋರಿಸುವ ಬೆರಳು ಲಿಪಿಗೆ ಬಹುತೇಕ ಎರಡೂ ಕೈ ಬೇಕು. ಅನೇಕ ಪದಗಳಿಗೂ ಅಷ್ಟೇ. ಮಾತನಾಡಬಲ್ಲ ರೋಗಿಯ ಬಾಯಿಗೆ ನಾಲ್ಕು ಗಂಟೆ ಪಟ್ಟಿ ಅಂಟಿಸಿ ಕೂರಿಸಿದರೆ ಎಂತಹ ಸ್ಥಿತಿಯೋ, ಇದು ಅದಕ್ಕಿಂತ ಬಹಳ ದೂರದ್ದಲ್ಲ.

ಆದ್ದರಿಂದಲೇ ಇವರ ಶುಶ್ರೂಷೆಯ ಬಹುಪಾಲು ಸೂಜಿ ಚುಚ್ಚುವ ಮೊದಲೇ ಆಗಿ ಮುಗಿಯಬೇಕು. ತೂಕ ನೋಡುವ ವೇಳೆಯಲ್ಲಿ, ಎರಡೂ ಕೈ ಬಿಡುವಾಗಿರುವಾಗ, ಕಳೆದ ಬಾರಿ ಮನೆಗೆ ಹೋದ ಮೇಲೆ ಏನಾಯಿತು, ಜ್ವರ ಬಂತೇ, ಉಸಿರಾಟಕ್ಕೆ ಕಷ್ಟವಾಯಿತೇ, ಬಿದ್ದಿದ್ದರೇ, ಮಲ ಕಪ್ಪಗಿತ್ತೇ ಎಂಬುದನ್ನು ಕೇಳಿ ತಿಳಿಯಬೇಕು. ಇದಕ್ಕೆ ಐದರಿಂದ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಒಂದು ಪಾಳಿ ಮುಗಿದ ಕೂಡಲೇ ಮತ್ತೊಂದು ಪಾಳಿ ಹತ್ತಿಸಬೇಕಾದ ಘಟಕಗಳಲ್ಲಿ ಆ ಹತ್ತು ನಿಮಿಷ ಸುಲಭವಾಗಿ ಸಿಗುವುದಿಲ್ಲ ಎಂಬುದೂ ನಿಜ. ಹಾಗಿದ್ದರೂ ಇಂತಹ ರೋಗಿಯನ್ನು ಪಾಳಿಯಲ್ಲಿ ಮೊದಲಿಗರಾಗಿ ಕರೆಯದೆ, ಉಳಿದವರ ಯಂತ್ರ ಜೋಡಿಸಿದ ಬಳಿಕ ಕೊನೆಯಲ್ಲಿ ಕರೆದರೆ ದಾದಿಗೆ ಉಸಿರಾಡಲು ಸಮಯವಿರುತ್ತದೆ.

ಅದೇ ಹೊತ್ತಿನಲ್ಲಿ ಒಂದೇ ಕೈಯಿಂದ ತೋರಿಸಬಲ್ಲ ಕೆಲವು ಸನ್ನೆಗಳನ್ನು ಇಬ್ಬರೂ ಸೇರಿ ಗೊತ್ತುಪಡಿಸಿಕೊಳ್ಳಬೇಕು: ತಲೆಸುತ್ತು, ಎದೆನೋವು, ಸೆಳೆತ, ವಾಕರಿಕೆ, ಚಳಿ, ಸೂಜಿಯ ಬಳಿ ನೋವು, ಶೌಚ. ಏಳೆಂಟು ಸಾಕು. ಸನ್ನೆಗಳು ರೋಗಿಯವೇ ಆಗಿರಲಿ, ದಾದಿ ಕಲಿಯಲಿ. ರೋಗಿಗೆ ಹೊಸದಾಗಿ ಕಲಿಸಿದ ಸನ್ನೆ ಪ್ರಜ್ಞೆ ಮಂಕಾಗುವ ಗಳಿಗೆಯಲ್ಲಿ ನೆನಪಿಗೆ ಬರುವುದಿಲ್ಲ. ಆ ಸನ್ನೆಗಳನ್ನು ರೇಖಾಚಿತ್ರವಾಗಿ ಬರೆದು ಚಿಕಿತ್ಸಾ ಪಟ್ಟಿಗೆ ಲಗತ್ತಿಸಿದರೆ ಪಾಳಿ ಬದಲಾದಾಗ ಬರುವವರಿಗೂ ಅನುಕೂಲ. ಬಿಡುವಾಗಿರುವ ಕೈಗೆ ಒಂದು ಕರೆಗಂಟೆಯ ಗುಂಡಿ ಬೇಕು. ಅದಿಲ್ಲದ ಕಡೆ ಪೂಜೆಯ ಕೈಗಂಟೆಯೂ ಆದೀತು.

ಫಿಸ್ಟುಲಾವನ್ನು ಸಾಮಾನ್ಯವಾಗಿ ಹೆಚ್ಚು ಬಳಸದ ಕೈಯಲ್ಲಿ ಮಾಡುತ್ತಾರೆ. ಸನ್ನೆ ಭಾಷಿಕರ ವಿಷಯದಲ್ಲಿ 'ಊಟ ಮಾಡುವ ಕೈ ಯಾವುದು' ಎಂದಷ್ಟೇ ಕೇಳಿದರೆ ಸಾಲದು, ಸನ್ನೆಯಲ್ಲಿ ಮುಂದಾಗುವ ಕೈ ಯಾವುದೆಂದು ನೋಡಿಕೊಳ್ಳಬೇಕು. ಕೆಲವರಲ್ಲಿ ಫಿಸ್ಟುಲಾ ಬೆರಳುಗಳಿಗೆ ಹೋಗಬೇಕಾದ ರಕ್ತವನ್ನು ಸೆಳೆದುಕೊಂಡು ಕೈ ತಣ್ಣಗಾಗಿ ನೋಯುತ್ತದೆ. ಹಲವು ವರ್ಷ ಡಯಾಲಿಸಿಸ್ ಆದವರಲ್ಲಿ ಮಣಿಕಟ್ಟಿನ ನರ ಒತ್ತಿ ಬೆರಳು ಜೋಮು ಹಿಡಿಯುವುದೂ ಉಂಟು. ಬೇರೆಯವರಿಗೆ ಇದು ಕೈನೋವು. ಇವರಿಗೆ ಮಾತೇ ತೊದಲಿದಂತೆ.

ಮೌನವನ್ನು ಓದುವುದು:

ಡಯಾಲಿಸಿಸ್ ವೇಳೆ ಅತಿ ಸಾಮಾನ್ಯ ತೊಂದರೆ ರಕ್ತದೊತ್ತಡ ಕುಸಿತ. ದೇಹದಲ್ಲಿ ಸೇರಿದ ಹೆಚ್ಚುವರಿ ನೀರನ್ನು ಯಂತ್ರ ವೇಗವಾಗಿ ತೆಗೆದಾಗ ಇದು ಸಂಭವಿಸುತ್ತದೆ. ಒತ್ತಡದ ಅಂಕಿ ಇಳಿಯುವ ಮೊದಲೇ ದೇಹ ಸುಳಿವು ಕೊಡುತ್ತದೆ: ಮೇಲಿಂದ ಮೇಲೆ ಆಕಳಿಕೆ, ಹಣೆಯ ಮೇಲೆ ತಣ್ಣನೆಯ ಬೆವರು, ಮುಖ ಬಿಳಚಿಕೊಳ್ಳುವುದು, ಕಾಲು ಎಳೆದುಕೊಳ್ಳುವುದು, ಸುಮ್ಮನೆ ಚಡಪಡಿಕೆ. ಮಾತು ಬರುವ ರೋಗಿ ಈ ಹೊತ್ತಿಗೆ 'ಏನೋ ಒಂಥರಾ ಆಗ್ತಿದೆ' ಎಂದು ಕೂಗಿರುತ್ತಾನೆ. ಮಾತು ಬಾರದವನು ಕಣ್ಣು ಮುಚ್ಚುತ್ತಾನೆ. ನಿದ್ದೆ ಹೋದನೆಂದು ಸಿಬ್ಬಂದಿ ನೆಮ್ಮದಿಯಾಗುತ್ತಾರೆ. ಗದ್ದಲ ಮಾಡದ ರೋಗಿ ಒಳ್ಳೆಯ ರೋಗಿ ಎಂಬ ಭಾವನೆ ಎಲ್ಲ ವಾರ್ಡುಗಳಲ್ಲೂ ಇದೆ, ಅದು ಇಲ್ಲಿ ಅಪಾಯಕಾರಿ. ಒತ್ತಡ ಕುಸಿದಾಗ ಮಾಡಬೇಕಾದ ಚಿಕಿತ್ಸೆ ಎಲ್ಲರಿಗೂ ಒಂದೇ. ನೀರು ತೆಗೆಯುವುದನ್ನು ನಿಲ್ಲಿಸಿ, ತಲೆ ತಗ್ಗಿಸಿ ಕಾಲು ಎತ್ತರಿಸಿ, ಅಗತ್ಯವಿದ್ದರೆ ಲವಣದ್ರಾವಣ ಕೊಡಲಾಗುತ್ತದೆ. ವ್ಯತ್ಯಾಸವಿರುವುದು ಗುರುತಿಸುವ ವೇಗದಲ್ಲಿ ಮಾತ್ರ. ಇವರ ರಕ್ತದೊತ್ತಡವನ್ನು ಉಳಿದವರಿಗಿಂತ ಹೆಚ್ಚು ಬಾರಿ ನೋಡುವುದು, ಮುಖ ಕಾಣುವಂತೆ ದಾದಿಯರ ಮೇಜಿನ ಎದುರಿನ ಹಾಸಿಗೆಯನ್ನೇ ಕೊಡುವುದು ಇದಕ್ಕಾಗಿ.

ಇನ್ನೊಂದು ಅಪಾಯ ಅಪರೂಪವಾದರೂ ಭೀಕರ. ರಕ್ತವನ್ನು ದೇಹಕ್ಕೆ ಮರಳಿಸುವ ಸೂಜಿ ಜಾರಿ ಹೊರಬಂದರೆ ಯಂತ್ರದ ಪಂಪು ರಕ್ತವನ್ನು ಹೊರಗೆ ಸುರಿಯುತ್ತಲೇ ಇರುತ್ತದೆ. ನಿಮಿಷಕ್ಕೆ 300 ಮಿಲಿಲೀಟರ್ ಹರಿವಿನಲ್ಲಿ 5 ನಿಮಿಷಕ್ಕೆ ಒಂದೂವರೆ ಲೀಟರ್ ಆಯಿತು. ಇಂತಹ ಸಂದರ್ಭದಲ್ಲಿ ಯಂತ್ರದ ಒತ್ತಡದ ಎಚ್ಚರಿಕೆ ಗಂಟೆ ಪ್ರತಿ ಬಾರಿ ಮೊಳಗುತ್ತದೆಂಬ ಖಾತರಿ ಇಲ್ಲ. ತೋಳು ಒದ್ದೆಯಾದುದನ್ನು ಮೊದಲು ತಿಳಿಯುವವನು ರೋಗಿ. ಹಾಗಾಗಿ ಫಿಸ್ಟುಲಾ ತೋಳನ್ನು ಹೊದಿಕೆಯಿಂದ ಮುಚ್ಚಬಾರದೆಂಬ ಎಲ್ಲರಿಗೂ ಅನ್ವಯಿಸುವ ನಿಯಮವು ಕೂಗಲಾರದವರ ವಿಷಯದಲ್ಲಿ ಪ್ರಾಣದ ಪ್ರಶ್ನೆ. ಚಳಿಯೆಂದು ಹೊದ್ದುಕೊಂಡರೆ ತೋಳಷ್ಟು ಹೊರಗಿರಲಿ.

ನಿದ್ದೆ ಹೋದ ಕಿವುಡ ರೋಗಿಯನ್ನು ಎಬ್ಬಿಸುವುದಕ್ಕೂ ಕ್ರಮವಿದೆ. ಹಿಂದಿನಿಂದ ಬಂದು ತೋಳು ಮುಟ್ಟಿದರೆ ಆತ ಬೆಚ್ಚಿಬಿದ್ದು ಕೈ ಎಳೆದುಕೊಳ್ಳಬಹುದು. ಸೂಜಿ ಕಿತ್ತುಬರಲು ಅಷ್ಟು ಸಾಕು. ಎದುರಿಗೆ ಬಂದು ನಿಂತು, ಪಾದವನ್ನೋ ಸೂಜಿಯಿಲ್ಲದ ಕಡೆಯ ಭುಜವನ್ನೋ ಮೆಲ್ಲಗೆ ತಟ್ಟುವುದು ಸರಿಯಾದ ರೀತಿ. ಏನು ಮಾಡಲಿದ್ದೇವೆಂಬುದನ್ನು ಮೊದಲು ತೋರಿಸಬೇಕು, ಬಳಿಕ ಮಾಡಬೇಕು. ಸಿರಿಂಜು ಕಾಣಿಸದೆ ಚುಚ್ಚಬಾರದು.

ಯಂತ್ರದ ಎಚ್ಚರಿಕೆ ಸದ್ದು ಇವರಿಗೆ ಕೇಳದು. ಆದರೆ ಯಂತ್ರದ ಮೇಲಿನ ಕೆಂಪು, ಹಳದಿ, ಹಸಿರು ದೀಪಗಳು ಕಾಣುತ್ತವೆ. ಅವುಗಳ ಅರ್ಥವನ್ನೂ ಪರದೆಯಲ್ಲಿ ಉಳಿದ ಸಮಯ ತೋರಿಸುವ ಅಂಕಿಯನ್ನೂ ತಿಳಿಸಿಕೊಟ್ಟರೆ ರೋಗಿ ಅರ್ಧ ನಿಶ್ಚಿಂತ. ಕೆಂಪು ದೀಪ ಹತ್ತಿ, ಸುತ್ತ ಜನ ಓಡಾಡಿ, ಯಾರೂ ಏನೂ ಹೇಳದೆ ಹೋದರೆ ಉಂಟಾಗುವ ಭಯವನ್ನು ಕಿವಿ ಕೇಳುವವರು ಊಹಿಸುವುದು ಕಷ್ಟ. ವಿದ್ಯುತ್ ಹೋದಾಗಲಂತೂ ಕತ್ತಲೆಯೇ ಇವರಿಗೆ ಪೂರ್ಣ ನಿಶ್ಶಬ್ದ. ಬ್ಯಾಟರಿಯ ಬಲದಿಂದ ಯಂತ್ರದ ಪಂಪು ಕೆಲ ನಿಮಿಷ ತಿರುಗುತ್ತದೆ. ಆದರೆ ದಾದಿಯ ಮುಖ, ಕೈ ಕಾಣುವುದಿಲ್ಲ. ಇಂತಹ ಹಾಸಿಗೆಯ ಬಳಿ ಒಂದು ಟಾರ್ಚು ಇರಲಿ. ಬೆಳಕು ಬೀಳಬೇಕಾದ್ದು ರೋಗಿಯ ಕಣ್ಣಿಗಲ್ಲ, ದಾದಿಯ ಮುಖಕ್ಕೆ.

ಕೇಳಿಸುತ್ತದೆ, ಹೇಳಲಾಗದು:

ಮಾತು ಬಾರದವರೆಲ್ಲ ಕಿವುಡರಲ್ಲ. 'ಕಿವುಡ-ಮೂಗ' ಎಂದು ಒಂದೇ ಉಸಿರಿನಲ್ಲಿ ಹೇಳುವ ಹಳೆಯ ರೂಢಿ ಮಾಡಿರುವ ಹಾನಿ ಸಣ್ಣದಲ್ಲ. ಮೂತ್ರಪಿಂಡದ ರೋಗಿಗಳಲ್ಲಿ ಪಾರ್ಶ್ವವಾಯು ಹೆಚ್ಚು. ಮಿದುಳಿನ ಎಡಭಾಗಕ್ಕೆ ಪೆಟ್ಟಾದವರಲ್ಲಿ ಹಲವರು ಮಾತು ಕಳೆದುಕೊಳ್ಳುತ್ತಾರೆ. ಗಂಟಲಿನ ಕ್ಯಾನ್ಸರ್‌ಗಾಗಿ ಧ್ವನಿಪೆಟ್ಟಿಗೆ ತೆಗೆಸಿಕೊಂಡವರೂ ಇರುತ್ತಾರೆ. ಇವರ ಮುಂದೆ ಗಟ್ಟಿಯಾಗಿ ಕಿರುಚುವುದರಿಂದ ಪ್ರಯೋಜನವಿಲ್ಲ; ಅವರಿಗೆ ಕೇಳಿಸುತ್ತಿದೆ. ಹಾಸಿಗೆಯ ಪಕ್ಕ ನಿಂತು ಅವರ ಆಯುಸ್ಸಿನ ಬಗ್ಗೆ ಸಂಬಂಧಿಕರೊಂದಿಗೆ ಪಿಸುಗುಟ್ಟುವುದೂ ಕೇಳಿಸುತ್ತಿರುತ್ತದೆ. 'ಹೌದು', 'ಇಲ್ಲ' ಎಂದಷ್ಟೇ ಉತ್ತರಿಸಬಹುದಾದ ಸಣ್ಣ ಪ್ರಶ್ನೆಗಳು, ಚಿತ್ರಗಳಿರುವ ಹಲಗೆ, ನಗುವಿನಿಂದ ಅಳುವಿನವರೆಗಿನ ಮುಖಚಿತ್ರಗಳಿರುವ ನೋವಿನ ಮಾಪಕ ಇವರಿಗೆ ಉಪಯುಕ್ತ. ಪಾರ್ಶ್ವವಾಯುವಿನಿಂದ ಮಾತಿನ ಗ್ರಹಿಕೆಯೇ ಕುಗ್ಗಿದವರು 'ಹೌದು' ಎಂದು ಹೇಳಲು ಹೋಗಿ 'ಇಲ್ಲ' ಎನ್ನುವುದುಂಟು. ಅದೇ ಪ್ರಶ್ನೆಯನ್ನು ತಿರುಗಿಸಿ ಮತ್ತೊಮ್ಮೆ ಕೇಳುವುದು ಒಳ್ಳೆಯದು.

ದಾದಿ ದಾಖಲಿಸಿಕೊಳ್ಳಬೇಕಾದ ಮುಖ್ಯ ವಿವರವೆಂದರೆ ರೋಗಿಯ ಸಹಜ ಸ್ಥಿತಿ. ಆರಂಭದ ಕೆಲವು ಡಯಾಲಿಸಿಸ್‌ಗಳಲ್ಲಿ ರಕ್ತದ ಯೂರಿಯಾ ತಟ್ಟನೆ ಇಳಿದಾಗ ಮಿದುಳು ಊದಿಕೊಂಡು ತಲೆನೋವು, ಮಂಜು ದೃಷ್ಟಿ, ಗೊಂದಲ ಉಂಟಾಗಬಹುದು. ಗೊಂದಲವನ್ನು ಪರೀಕ್ಷಿಸುವ ರೂಢಿಯ ಕ್ರಮ ಹೆಸರು, ಊರು, ವಾರ ಕೇಳುವುದು. ಇವರ ಬಳಿ ಅದು ನಡೆಯದು. ಸನ್ನೆ ಎಂದಿನಂತೆ ಸ್ಪಷ್ಟವಾಗಿದೆಯೇ, ಕೈ ಒಂದೆಡೆ ಸೋತಿದೆಯೇ, ಗೊತ್ತುಪಡಿಸಿಕೊಂಡ ಸನ್ನೆಯನ್ನೇ ತಪ್ಪಾಗಿ ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಎಂದಿನದು ಹೇಗಿತ್ತೆಂದು ಬರೆದಿಡದಿದ್ದರೆ ಇಂದಿನದು ತಪ್ಪೆಂದು ತಿಳಿಯುವ ಬಗೆ ಇಲ್ಲ.

ಕಣ್ಣಿನ ಬಗ್ಗೆಯೂ ಒಂದು ಮಾತು. ಮಧುಮೇಹದಿಂದ ಮೂತ್ರಪಿಂಡ ಕಳೆದುಕೊಂಡವರ ಅಕ್ಷಿಪಟಲಕ್ಕೂ ಆ ಹೊತ್ತಿಗೆ ಹಾನಿಯಾಗಿರುವುದು ಸಾಮಾನ್ಯ. ಕಣ್ಣನ್ನೇ ಕಿವಿಯಾಗಿಸಿಕೊಂಡವರ ಕಣ್ಣು ಮಂಜಾದರೆ ದೊಡ್ಡ ಅಕ್ಷರ, ದೊಡ್ಡ ಸನ್ನೆ, ಕಡೆಗೆ ಅಂಗೈಯ ಮೇಲೆ ಬೆರಳಿನಿಂದ ಬರೆಯುವುದಷ್ಟೇ ಉಳಿಯುತ್ತದೆ. ನಿಯತಕಾಲಿಕ ಕಣ್ಣಿನ ತಪಾಸಣೆ ಇವರಿಗೆ ಎರಡು ಪಟ್ಟು ಮುಖ್ಯ.

ಅಣ್ಣನ ಅನುವಾದ:

ಬಹುತೇಕ ಕಡೆ ದುಭಾಷಿ ಎಂದರೆ ಜೊತೆಗೆ ಬಂದ ಸಂಬಂಧಿಕ. ದಿನನಿತ್ಯದ ವ್ಯವಹಾರಕ್ಕೆ ಇದು ಅನಿವಾರ್ಯ, ಮನೆಸನ್ನೆಯ ರೋಗಿಗಂತೂ ಬೇರೆ ದಾರಿಯಿಲ್ಲ. ಆದರೆ ವೈದ್ಯರು ಐದು ನಿಮಿಷ ವಿವರಿಸಿದ್ದನ್ನು ಅಣ್ಣ ಎರಡು ಸನ್ನೆಯಲ್ಲಿ ಮುಗಿಸುತ್ತಾನೆ. ತಮ್ಮ ಎರಡು ನಿಮಿಷ ಕೈಯಾಡಿಸಿದ್ದು 'ಏನಿಲ್ಲ ಸಾರ್, ಆರಾಮಿದಾನೆ' ಎಂದಾಗುತ್ತದೆ. ಹೆದರಿಸಬಾರದೆಂಬ ಪ್ರೀತಿಯೂ ಇದರಲ್ಲಿದೆ, ಬಸ್ಸಿನ ಅವಸರವೂ ಇದೆ. ಡಯಾಲಿಸಿಸ್ ಆರಂಭಿಸುವುದು, ಶಸ್ತ್ರಚಿಕಿತ್ಸೆ, ಮೂತ್ರಪಿಂಡ ಕಸಿ, ಚಿಕಿತ್ಸೆ ನಿಲ್ಲಿಸುವುದು ಇಂತಹ ನಿರ್ಧಾರಗಳಿಗೆ ಹೊರಗಿನ ದುಭಾಷಿ ಬೇಕು. ಸಂಬಂಧಿಕರಿದ್ದರೂ ರೋಗಿಯ ಮುಖ ನೋಡಿ ಮಾತನಾಡಬೇಕೇ ಹೊರತು ಸಂಬಂಧಿಕರ ಮುಖ ನೋಡಿ ಅಲ್ಲ. ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಿ ತಾಯಿಯ ಕಾಯಿಲೆಯ ವಿವರವನ್ನು ಅವರ ಕೈಯಿಂದಲೇ ಹೇಳಿಸುವುದು ಕ್ರೌರ್ಯ.

ಬರೆದು ತೋರಿಸಿದರಾಯಿತು ಎಂಬುದು ಇನ್ನೊಂದು ಭ್ರಮೆ. ಹುಟ್ಟು ಕಿವುಡರಿಗೆ ಕನ್ನಡ ಎರಡನೆಯ ಭಾಷೆ. ಶಾಲೆಗೆ ಹೋದವರಲ್ಲೂ ಅನೇಕರಿಗೆ ಉದ್ದ ವಾಕ್ಯದ ಕರಪತ್ರ ತೊಡಕಾಗುತ್ತದೆ. ಆಹಾರ ಪಥ್ಯವನ್ನೇ ತೆಗೆದುಕೊಳ್ಳಿ. 'ಪೊಟ್ಯಾಸಿಯಂ ಅಧಿಕವಾಗಿರುವ ಪದಾರ್ಥಗಳನ್ನು ವರ್ಜಿಸಿ' ಎಂಬ ಸಾಲಿಗಿಂತ ಎಳನೀರು ಮತ್ತು ಬಾಳೆಹಣ್ಣಿನ ಚಿತ್ರದ ಮೇಲೆ ಎಳೆದ ಕೆಂಪು ಗೀಟು ಉತ್ತಮ. ನಮ್ಮಲ್ಲಿ ರೋಗಿಯನ್ನು ನೋಡಲು ಬರುವವರು ಮೊದಲು ತರುವುದು ಎಳನೀರನ್ನೇ. ಮೂತ್ರಪಿಂಡ ಸೋತವರಲ್ಲಿ ಅದರ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಉಪ್ಪಿನಕಾಯಿ, ಹಪ್ಪಳ ತಿಂದರೆ ಬಾಯಾರಿಕೆ ಹೆಚ್ಚಿ ನೀರಿನ ಮಿತಿ ಮೀರುತ್ತದೆ. ದಿನಕ್ಕೆ ಇಷ್ಟೇ ನೀರು ಎಂಬುದನ್ನು ಮನೆಯ ಚೊಂಬಿನಲ್ಲೋ ಬಾಟಲಿಯಲ್ಲೋ ಗೆರೆ ಎಳೆದು ತೋರಿಸಬೇಕು. ಆ ಗೆರೆ ನೋಡಿದವರಿಗೆ ಭಾಷೆ ಬೇಡ.

ಫಿಸ್ಟುಲಾದ ಆರೈಕೆಯಲ್ಲಿ ಮಾತ್ರ ಕಿವುಡುತನ ಅಡ್ಡಿಯೇ ಅಲ್ಲ. ಫಿಸ್ಟುಲಾ ಚೆನ್ನಾಗಿದ್ದರೆ ಅದರ ಮೇಲೆ ಬೆರಳಿಟ್ಟಾಗ ಜುಮ್ಮೆನ್ನುವ ಕಂಪನ ತಿಳಿಯುತ್ತದೆ. ಸ್ಟೆತಾಸ್ಕೋಪು ಬೇಕಿಲ್ಲ. ದಿನವೂ ಬೆಳಿಗ್ಗೆ, ಸಂಜೆ ಮುಟ್ಟಿ ನೋಡುವ ಅಭ್ಯಾಸ ಕಲಿಸಿದರೆ ಸಾಕು. ಕಂಪನ ನಿಂತರೆ ರಕ್ತ ಹೆಪ್ಪುಗಟ್ಟಿರಬಹುದು, ಗಂಟೆಗಳಲ್ಲೇ ಆಸ್ಪತ್ರೆಗೆ ತಲುಪಬೇಕು. ತೊಂದರೆ ಇರುವುದು ಆಸ್ಪತ್ರೆಗೆ ತಿಳಿಸುವುದರಲ್ಲಿ. 2008ರಲ್ಲಿ ಆರಂಭವಾದ 108 ಆಂಬುಲೆನ್ಸ್ ಆಗಲಿ, 104 ಆರೋಗ್ಯ ಸಹಾಯವಾಣಿಯಾಗಲಿ ಧ್ವನಿ ಕರೆಯ ಮೇಲೆ ನಿಂತಿವೆ. ಘಟಕದ ಒಂದು ಮೊಬೈಲ್ ಸಂಖ್ಯೆಗೆ ವಾಟ್ಸ್ಆ್ಯಪ್ ಸಂದೇಶ ಅಥವಾ ವಿಡಿಯೊ ಕರೆ ಮಾಡಲು ಅವಕಾಶ ಕೊಟ್ಟರೆ, ಓದು ಬಾರದವರೂ ಫಿಸ್ಟುಲಾ ತೋಳಿನ ಚಿತ್ರವೊಂದನ್ನು ಕಳುಹಿಸಿ ಸುದ್ದಿ ಮುಟ್ಟಿಸಬಲ್ಲರು. ಇದಕ್ಕೆ ಯಾವ ಯೋಜನೆಯ ಮಂಜೂರಾತಿಯೂ ಬೇಕಿಲ್ಲ.

ಕೆಲವರಿಗೆ ಮನೆಯಲ್ಲೇ ಮಾಡಿಕೊಳ್ಳುವ ಉದರ ಡಯಾಲಿಸಿಸ್ ಸೂಕ್ತವಾದೀತು. ಹೊಟ್ಟೆಯೊಳಗೆ ದ್ರವ ತುಂಬಿ, ಕೆಲ ಗಂಟೆಗಳ ನಂತರ ಹೊರತೆಗೆಯುವ ಈ ವಿಧಾನದಲ್ಲಿ ಕೈ ಕಟ್ಟಬೇಕಿಲ್ಲ, ಕೈಯಿಂದಲೇ ಮಾಡುವ ಬಗೆಯಲ್ಲಿ ಗಂಟೆ ಮೊಳಗುವ ಯಂತ್ರವೂ ಇಲ್ಲ. ಸೋಂಕಿನ ಮೊದಲ ಲಕ್ಷಣ ಹೊರಬಂದ ದ್ರವ ಮಬ್ಬಾಗುವುದು, ಅದು ಕಣ್ಣಿಗೆ ಕಾಣುವಂತಹದು. ಕೇಂದ್ರ ಸರ್ಕಾರ 2016ರ ಮುಂಗಡಪತ್ರದಲ್ಲಿ ಪ್ರಕಟಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಡತನ ರೇಖೆಗಿಂತ ಕೆಳಗಿನವರಿಗೆ ಡಯಾಲಿಸಿಸ್ ಉಚಿತ. 2019ರಲ್ಲಿ ಉದರ ಡಯಾಲಿಸಿಸ್‌ಗೂ ಮಾರ್ಗಸೂಚಿ ಬಂದಿದೆ. ಆದರೆ ಸ್ವಚ್ಛ ಕೋಣೆ, ದ್ರವದ ಚೀಲಗಳ ನಿರಂತರ ಪೂರೈಕೆ, ಬಿಗಿ ತರಬೇತಿ ಇಲ್ಲದಿದ್ದರೆ ಇದು ಅಪಾಯಕ್ಕೆ ದಾರಿ. ತಾಂಡಾದ ಒಂದು ಕೋಣೆಯ ಮನೆಗೆ ಇದನ್ನು ಸಲೀಸಾಗಿ ಶಿಫಾರಸು ಮಾಡಲಾಗದು.

ಕಾನೂನು ಏನೆನ್ನುತ್ತದೆ:

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016, ಸಂವಹನ ಎಂಬ ಪದದ ವ್ಯಾಖ್ಯೆಯಲ್ಲೇ ಸನ್ನೆಗಳನ್ನು ಸೇರಿಸಿದೆ. ಆರೋಗ್ಯ ಸೇವೆಯಲ್ಲಿ ಅಡೆತಡೆಯಿಲ್ಲದ ಪ್ರವೇಶ, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ನೀಡಬೇಕೆಂದೂ ಹೇಳುತ್ತದೆ. ಎರಡೂ ಕಿವಿಗಳಲ್ಲಿ 70 ಡೆಸಿಬಲ್ ಶ್ರವಣ ನಷ್ಟವಾದವರನ್ನು ಕಿವುಡರೆಂದೂ, 60ರಿಂದ 70 ಡೆಸಿಬಲ್ ನಷ್ಟವಾದವರನ್ನು ಮಂದ ಶ್ರವಣದವರೆಂದೂ ಅದು ಗುರುತಿಸುತ್ತದೆ. ಡಯಾಲಿಸಿಸ್ ಆರಂಭವಾದ ಮೇಲೆ ಕಿವಿ ಮಂದವಾದವರಲ್ಲಿ ಹೆಚ್ಚಿನವರು ಪರೀಕ್ಷೆಯನ್ನೇ ಮಾಡಿಸಿಕೊಳ್ಳುವುದಿಲ್ಲ. ಶ್ರವಣ ಪರೀಕ್ಷೆಯಲ್ಲಿ ನಷ್ಟ ಖಚಿತವಾದರೆ ಪ್ರಮಾಣಪತ್ರವೂ ಶ್ರವಣ ಸಾಧನವೂ ದೊರೆಯುವ ಹಾದಿ ತೆರೆಯುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ಹೆಸರಾದುದು.

ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2018ರಲ್ಲಿ 3,000 ಪದಗಳ ಸನ್ನೆ ನಿಘಂಟನ್ನು ಹೊರತಂದಿತು. 2021ರ ಮೂರನೆಯ ಆವೃತ್ತಿಯಲ್ಲಿ ಅದು 10,000 ಪದಗಳಿಗೆ ಬೆಳೆಯಿತು. ವೈದ್ಯಕೀಯ ಪದಗಳೂ ಇದರಲ್ಲಿವೆ. ಪ್ರತಿ ದಾದಿಯೂ ಇಡೀ ನಿಘಂಟನ್ನು ಕಲಿಯಬೇಕೆಂದು ಯಾರೂ ಕೇಳುತ್ತಿಲ್ಲ. ನೋವು, ನೀರು, ಉಸಿರು, ಸಾಕು, ಇನ್ನೆಷ್ಟು ಹೊತ್ತು, ಹೆದರಬೇಡಿ ಮುಂತಾದ ಇಪ್ಪತ್ತು ಪದಗಳು ಬಂದರೆ ಒಂದು ಘಟಕದ ವಾತಾವರಣವೇ ಬದಲಾಗುತ್ತದೆ.

ಹಳ್ಳಿಯ ಮಟ್ಟದಲ್ಲಿ ಇನ್ನೊಂದು ಕೊಂಡಿ ಈಗಾಗಲೇ ಇದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಕಿವಿ ಕೇಳದವರಿದ್ದಾರೆ, ಅವರ ಸನ್ನೆ ಯಾರಿಗೆ ತಿಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಡಯಾಲಿಸಿಸ್ ಘಟಕಕ್ಕೆ ಅವರ ದೂರವಾಣಿ ಸಂಖ್ಯೆ ಗೊತ್ತಿರುವುದಿಲ್ಲ, ಅಷ್ಟೇ.

ಸೂರಗೊಂಡನಕೊಪ್ಪದಲ್ಲಿ ಪ್ರತಿ ವರ್ಷ ಫೆಬ್ರುವರಿ ಮಧ್ಯದಲ್ಲಿ ಸೇವಾಲಾಲ್ ಜಯಂತಿ ನಡೆದಾಗ ನಾನಾ ರಾಜ್ಯಗಳಿಂದ ಭಕ್ತರು ಬಂದು ಸೇರುತ್ತಾರೆ. ರಸ್ತೆಗಳು ತುಂಬುತ್ತವೆ, ಮನೆಗಳಿಗೆ ನೆಂಟರು ಬರುತ್ತಾರೆ, ಸಿಹಿ ಅಡುಗೆಯಾಗುತ್ತದೆ. ಡಯಾಲಿಸಿಸ್ ರೋಗಿಗಳು ಒಂದು ಸರದಿ ತಪ್ಪಿಸಿಕೊಳ್ಳುವುದು, ನೀರಿನ ಗೆರೆ ಮೀರುವುದು ಇಂತಹ ದಿನಗಳಲ್ಲೇ. ಕಿವಿ ಕೇಳುವ ರೋಗಿಗೆ ಆಸ್ಪತ್ರೆಯಿಂದ ಒಂದು ಫೋನ್ ಕರೆ ಹೋಗುತ್ತದೆ. ಕೇಳದವರಿಗೆ ಹಿಂದಿನ ಸರದಿಯಲ್ಲೇ, ಸೂಜಿ ಚುಚ್ಚುವ ಮೊದಲು, ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತಾರೀಕು ಬದಲಾಯಿಸಿ ತೋರಿಸಿ, ಅವರಿಂದಲೇ ಆ ದಿನವನ್ನು ಮತ್ತೊಮ್ಮೆ ತೋರಿಸಿಕೊಂಡು ಕಳುಹಿಸಬೇಕಾಗುತ್ತದೆ.